ಸೋಪು ಪಾಷಾನ ಮೂಗು

ಆರ್.ಟಿ. ನಗರದ ಮಸೀದಿ ಹಿಂದಿನ ಬೀದಿಗಳಲ್ಲಿ ಅಕ್ಬರ್ ಪಾಷಾ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ತಡವರಿಸುತ್ತಾರೆ. ಸೋಪು ಪಾಷಾ ಎಂದರೆ ಸಾಕು, ಕೈ ಹಿಡಿದು ಮನೆ ತೋರಿಸುತ್ತಾರೆ. ಗ್ಯಾಸ್ ಒಲೆ ರಿಪೇರಿ ಅವನ ಕಸುಬು. ಸ್ಕೂಟರಿನ ಡಿಕ್ಕಿಯಲ್ಲಿ ಸ್ಪ್ಯಾನರುಗಳ ಜೊತೆ ಸದಾ ಒಂದು ಬಾಟಲಿ ಸೋಪಿನ ನೀರು, ಗಡ್ಡಕ್ಕೆ ನೊರೆ ಹಚ್ಚುವ ಒಂದು ಹಳೇ ಬ್ರಷ್ಷು. ಟ್ಯೂಬು ಬದಲಿಸಿ ಒಲೆ ಹೊತ್ತಿಸಿ ತೋರಿಸಿದರೆ ಬೇರೆಯವರ ಕೆಲಸ ಮುಗಿಯುತ್ತದೆ. ಇವನದು ಆಗ ಶುರು. ಒಂದೊಂದು ಜೋಡಣೆಗೂ ನೊರೆ ಮೆತ್ತಬೇಕು, ಗುಳ್ಳೆ ಏಳುತ್ತದೆಯೋ ಎಂದು ಕಣ್ಣು ಕೀಲಿಸಿ ನೋಡಬೇಕು, ಒರೆಸಿ ಇನ್ನೊಮ್ಮೆ ಮೆತ್ತಬೇಕು. ಅಷ್ಟಾದ ಮೇಲೂ ಹೊರಟವನು ಬೀದಿಯ ತಿರುವಿನಿಂದ ವಾಪಸ್ಸು ಬಂದು, “ಇನ್ನೊಂದ್ಸಲ ನೋಡ್ಬಿಡ್ತೀನಿ ಅಮ್ಮ” ಎಂದು ಬಾಗಿಲು ತಟ್ಟುತ್ತಾನೆ.

ಜನ ನಗುತ್ತಾರೆ. ನಗುತ್ತಲೇ ಅವನನ್ನೇ ಕರೆಸುತ್ತಾರೆ. ಇಂಥ ನಿಯತ್ತಿನ ಮನುಷ್ಯ ಈಗೆಲ್ಲಿ ಸಿಗುತ್ತಾನೆ ಎಂದು ಹೊಗಳುತ್ತಾರೆ. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಪಾಷಾ ಬೇಗಬೇಗ ಸ್ಪ್ಯಾನರು ಕಟ್ಟಿಕೊಂಡು ಹೊರಟುಬಿಡುತ್ತಾನೆ. ಏಕೆಂದರೆ ಅದು ನಿಯತ್ತಲ್ಲ, ಹೆದರಿಕೆ. ಗ್ಯಾಸ್ ರಿಪೇರಿಯ ಅಕ್ಬರ್ ಪಾಷಾನಿಗೆ ವಾಸನೆ ತಿಳಿಯುವುದಿಲ್ಲ.

ಹುಟ್ಟಿನಿಂದ ಹಾಗಿರಲಿಲ್ಲ. ಒಂದು ಕಾಲದಲ್ಲಿ ಹೊಸಿಲಲ್ಲಿ ಚಪ್ಪಲಿ ಬಿಡುತ್ತಲೇ, “ಟ್ಯೂಬ್ ಸೀಳಿದೆ ನೋಡಿ, ಬರ್ನರ್ ಕಡೆ” ಎನ್ನುತ್ತಿದ್ದ, ಒಳಗೆ ಹೋಗಿ ನೋಡಿದರೆ ಸೀಳಿರುತ್ತಿತ್ತು. ಕೊರೊನಾ ಎರಡನೇ ಸಲ ಊರನ್ನು ಹಿಂಡಿದಾಗ ಅವನೂ ಮಲಗಿದ. ಜ್ವರ ಇಳಿಯಿತು, ಕೆಮ್ಮು ಹೋಯಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಬೆಳಗಾದರೆ ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿಯುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು, ಅಷ್ಟೇ.

ಈ ಸಂಗತಿ ಗೊತ್ತಿದ್ದದ್ದು ಹೆಂಡತಿ ಕುಬ್ರಾಳಿಗೆ ಮಾತ್ರ. “ಹೇಳಿಬಿಟ್ಟರೆ ನಾಳೆ ಯಾರು ಬಾಗಿಲು ತೆಗೀತಾರೆ? ಸುಮ್ನಿರಿ” ಎಂದಿದ್ದಳು ಅವಳು. ಸುಮ್ಮನಿದ್ದ. ಕಸುಬು ಹೋಗುತ್ತದೆ ಎನ್ನುವುದು ಒಂದು ಭಯ. ಅದಕ್ಕಿಂತ ದೊಡ್ಡದು ಇನ್ನೊಂದು. ಮಗಳು ಫಾಯಿಜಾ ಶಾಲೆಯಲ್ಲಿ ಟೀಚರು, ಕುಬ್ರಾಳಿಗೆ ಮೇನ್ ರೋಡಿನಲ್ಲಿ ಹೊಲಿಗೆ ಅಂಗಡಿ. ಮಧ್ಯಾಹ್ನದ ಮೇಲೆ ಮೊಮ್ಮಗಳು ಅಫ್ಶೀನ್ ಇವನ ಪಾಲಿಗೆ. ಆ ಹೊತ್ತಿಗೋಸ್ಕರ ಅವನು ಎಂಥ ಗಿರಾಕಿಯನ್ನೂ ಬಿಟ್ಟು ಮನೆಗೆ ಓಡುತ್ತಿದ್ದ. ಅಂಗಡಿಗೆ ಹೊರಡುವ ಮುಂಚೆ ಕುಬ್ರಾ ಸಿಲಿಂಡರಿನ ನಾಬು ತಿರುಗಿಸಿ ಮುಚ್ಚಿ ಹೋಗುತ್ತಿದ್ದಳು. ಮಗಳಿಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತಾದರೆ ಮಗುವನ್ನು ಇವನ ಕೈಲಿ ಬಿಟ್ಟು ಹೋಗುತ್ತಾಳೆಯೇ? ಪಾಷಾ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡು, ಉತ್ತರ ಬರುವ ಮೊದಲೇ ಎದ್ದು ಅಡುಗೆಮನೆಗೆ ಹೋಗಿ ನಾಬು ಮುಚ್ಚಿದೆಯೋ ಎಂದು ನೋಡಿ ಬರುತ್ತಿದ್ದ. ಬಂದು ಕೂತವನು ಮತ್ತೆ ಏಳುತ್ತಿದ್ದ.

ಇಂಥ ಮನುಷ್ಯನಿಗೆ ಒಂದು ಬೆಳಿಗ್ಗೆ ಬಾಲರಾಜು ಫೋನು ಮಾಡಿದ.

ಬಾಲರಾಜುವಿನದು ಯಲಹಂಕದಾಚೆ ಅತ್ತೂರಿನ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆಸುವವನು. ಮಾತು ಜೋರು, ಮನಸ್ಸು ಮೃದು, ಶೋಕಿ ವಿಪರೀತ. ಆ ಶೋಕಿಯ ಇತ್ತೀಚಿನ ಫಲ ಒಂದು ಕ್ಯಾರವಾನ್: ದೊಡ್ಡ ವ್ಯಾನೊಂದನ್ನು ನಾಗಸಂದ್ರದ ಒಂದು ಶೆಡ್ಡಿಗೆ ಕೊಟ್ಟು, ಒಳಗೆ ಹಾಸಿಗೆ, ಸಿಂಕು, ಒಲೆ ಎಲ್ಲ ಕೂಡಿಸಿ ಓಡಾಡುವ ಮನೆ ಮಾಡಿಸಿದ್ದ. ಶೆಡ್ಡಿನವರು ಅದರ ಗ್ಯಾಸಿನ ಕೆಲಸವನ್ನೆಲ್ಲ ಎಂದಿನಂತೆ ಮಾಡಿಸಿದ್ದು ಪಾಷಾನ ಕೈಲೇ.

“ಭಾಯ್, ಒಳಗಡೆ ಒಲೆ ಬೊಂಬಾಟಾಗಿ ಉರಿಯತ್ತೆ. ಹೊರಗಡೆ ಬಾರ್ಬೆಕ್ಯೂ ಹಾಕಿದ್ರೆ ಊದ್ಬತ್ತಿ ಥರ ಮಿಣಮಿಣ ಅಂತದೆ. ಇವತ್ತೇ ಹೊರಡ್ತಿದೀವಿ ಕಣ್ರೀ. ಬಂದ್ಬಿಡಿ ಬೇಗ.”

ಹೊರಡುತ್ತಿದ್ದದ್ದು ದೊಡ್ಡಬಳ್ಳಾಪುರದಾಚೆ ಮುನೇಶ್ವರನ ಹರಕೆಗೆ. ರಾತ್ರಿ ಹೆಂಗಸರು ಮಕ್ಕಳೆಲ್ಲ ಗಾಡಿಯೊಳಗೆ ಮಲಗುವುದು, ಬೆಳಿಗ್ಗೆ ಕುರಿ ಕೊಟ್ಟು ಅಲ್ಲೇ ಬಾಡೂಟ. ಈ ಸಲ ಮೂರು ಕಲ್ಲಿನ ಒಲೆಯ ಪಕ್ಕದಲ್ಲಿ ಬಾರ್ಬೆಕ್ಯೂ ಇಟ್ಟು ಬಂಧುಬಳಗದ ಎದುರು ಮಾಂಸ ಸುಟ್ಟು ಬಡಿಸಬೇಕೆಂದು ಬಾಲರಾಜುವಿನ ಆಸೆ. ಗಾಡಿಯೊಳಗೆ ಮಕ್ಕಳು ಮಲಗುತ್ತಾರೆ ಎಂಬ ಮಾತು ಕೇಳಿದ್ದೇ ಪಾಷಾನ ಕಾಲಿಗೆ ಚಕ್ರ ಬಂತು. ಚಹಾ ಅರ್ಧಕ್ಕೇ ಬಿಟ್ಟು ಸ್ಕೂಟರು ಹತ್ತಿದ. ಹೆಬ್ಬಾಳದ ಫ್ಲೈಓವರಿನ ಕೆಳಗೆ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದಾಗ ಅವನ ಹೆಬ್ಬೆರಳು ಸುಮ್ಮಸುಮ್ಮನೆ ಹಾರ್ನು ಒತ್ತುತ್ತಿತ್ತು.

ಅತ್ತೂರಿನ ಮನೆಯಂಗಳದಲ್ಲಿ ಕ್ಯಾರವಾನ್ ಮದುವಣಗಿತ್ತಿಯ ಹಾಗೆ ನಿಂತಿತ್ತು. ಹಿಂದಿನ ಸಂಜೆ ಪೂಜೆಯಾಗಿ ಮೂತಿಗೆ ಚೆಂಡುಹೂವಿನ ಹಾರ, ಚಕ್ರಗಳಿಗೆ ನಿಂಬೆಹಣ್ಣು, ಎಲ್ಲೆಲ್ಲೂ ಅರಿಶಿನ ಕುಂಕುಮ. ಬಾಲರಾಜುವಿನ ತಾಯಿ ಕೃಷ್ಣಮ್ಮ ಮಂಡಿನೋವಿನ ಕಾಲನ್ನು ಚಾಚಿಕೊಂಡು ಹಿಂದಿನ ಚಕ್ರದ ಪಕ್ಕ ಒಂದು ಗಿಡ್ಡ ಮಣೆಯ ಮೇಲೆ ಕೂತಿದ್ದಳು. ಮೊಮ್ಮಕ್ಕಳು ಗಾಡಿ ಹತ್ತುವುದು ಇಳಿಯುವುದು ಮಾಡುತ್ತಿದ್ದವು. ಡ್ರೈವರು ಎಂಜಿನ್ ಚಾಲೂ ಮಾಡಿ ಮುಂದಿನ ಗಾಜಿನೊಳಗಿನ ದೇವರಿಗೆ ಹೊಗೆ ಮುಚ್ಚುವಷ್ಟು ಧೂಪ ಹಾಕಿದ್ದ.

ಗಾಡಿಯ ಎಡಮಗ್ಗುಲಲ್ಲಿ, ಹಿಂದಿನ ಚಕ್ರಕ್ಕೆ ಹತ್ತಿರವಾಗಿ, ಅಂಗೈಯಗಲದ ಒಂದು ಪುಟ್ಟ ಬಾಗಿಲಿದೆ. ಅದರೊಳಗೆ ಹಿತ್ತಾಳೆಯ ಒಂದು ಬಾಯಿ. ಹೊರಗಿಡುವ ಒಲೆಯ ಪೈಪನ್ನು ಅದಕ್ಕೆ ಒತ್ತಿದರೆ ಟಕ್ಕೆಂದು ಕೂತು ಗ್ಯಾಸು ಹರಿಯುತ್ತದೆ. ಪೈಪು ಕಿತ್ತರೆ ಒಳಗಿನ ಸ್ಪ್ರಿಂಗು ತಾನೇ ಬಾಯಿ ಮುಚ್ಚುತ್ತದೆ. ಪಾಷಾ ಪೈಪು ಒತ್ತಿ ಬಾರ್ಬೆಕ್ಯೂ ಹೊತ್ತಿಸಿದ. ಬಾಲರಾಜು ಹೇಳಿದ್ದು ಸುಳ್ಳಲ್ಲ. ನೀಲಿ ಉರಿ ಎದ್ದೇಳಲು ಸೋಮಾರಿತನ ಪಡುತ್ತಿತ್ತು.

“ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ಸಿಲಿಂಡರ್ ಮೇಲಿನ ರೆಗ್ಯುಲೇಟರ್ ಕಿತ್ತಾಕಿ ಹೋಟ್ಲವರ ದೊಡ್ಡದು ಹಾಕಿ. ಬುಸ್ ಅನ್ನತ್ತೆ” ಎಂದ ಬಾಲರಾಜು.

“ಬುಸ್ ಅನ್ನೋದು ಒಳಗಡೆ ಒಲೇನೂ ಅನ್ನತ್ತೆ ಬಾಲಣ್ಣ. ಆ ಒತ್ತಡ ಮನೆ ಒಲೆ ತಡ್ಕೊಳಲ್ಲ. ಮಕ್ಕಳಿರೋ ಗಾಡಿ, ಬೇಡ.”

ಪಾಷಾ ಬಾರ್ಬೆಕ್ಯೂವಿನ ಪೈಪನ್ನು ತುದಿಯಿಂದ ತುದಿಗೆ ಕೈಯಲ್ಲಿ ಸವರುತ್ತ ಹೋದ. ಒಲೆಯ ಹೊಟ್ಟೆಯ ಕೆಳಗೆ ಅಂಟಿಕೊಂಡಿತ್ತು ಇನ್ನೊಂದು ರೆಗ್ಯುಲೇಟರು. ಬಾಲರಾಜುವಿನ ಭಾವಮೈದ ದುಬೈನಿಂದ ತಂದ ಒಲೆ ಅದು. ನೇರ ಸಿಲಿಂಡರಿಗೇ ಹಾಕುವವರಿಗೆಂದು ಕಂಪನಿಯವರೇ ಕೂಡಿಸಿ ಕಳಿಸಿದ್ದರು. ಸಿಲಿಂಡರಿನ ಹತ್ತಿರ ಒಂದು ಸಲ ಒತ್ತಡ ಕುಗ್ಗಿಸಿ ಕಳಿಸಿದ ಗ್ಯಾಸನ್ನು ಇದು ಇನ್ನೊಮ್ಮೆ ಹಿಡಿದು ಕುಗ್ಗಿಸಿದರೆ ಉರಿಯುವುದಕ್ಕೆ ಏನು ಉಳಿಯುತ್ತದೆ? ಅದನ್ನು ಬಿಚ್ಚಿ, ಪೈಪನ್ನು ನೇರ ಕೂಡಿಸಿ, ಕ್ಲಿಪ್ಪು ಬಿಗಿದು ಹೊತ್ತಿಸಿದ. ಉರಿ ಸಾಲಾಗಿ ಎದ್ದು ನಿಂತಿತು. ಬಾಲರಾಜು ಬೆನ್ನು ತಟ್ಟಿದ. ಪಾಷಾ ಎಲ್ಲ ಜೋಡಣೆಗೂ ನೊರೆ ಮೆತ್ತಿ ನೋಡಿದ. ಒಂದು ಗುಳ್ಳೆಯೂ ಇಲ್ಲ. ಒಲೆ ಆರಿಸಿ, ಪೈಪು ಎಳೆದು ಸುತ್ತಿಟ್ಟ. ಸಿಲಿಂಡರು ಮುಚ್ಚಲು ಹೋದರೆ ಬಾಲರಾಜು ತಡೆದ.

“ಇರ್ಲಿ ಬಿಡಿ ಭಾಯ್, ಹೊರಡೋ ಮುಂಚೆ ಒಳಗೆ ಟೀಗೆ ಇಡ್ತಾರೆ.”

ಪಾಷಾ ಸ್ಪ್ಯಾನರು ಒರೆಸುತ್ತಿದ್ದಾಗ ಕೃಷ್ಣಮ್ಮ ಮಣೆಯ ಮೇಲಿಂದ ಕರೆದಳು.

“ಏನೋ ಗಬ್ಬುವಾಸ್ನೆ ಕಣಪ್ಪ ಪಾಷಾ. ಕೊಳೆತ ಬೆಳ್ಳುಳ್ಳಿ ಅಂಗೆ. ಗ್ಯಾಸಾ ನೋಡು.”

ಪಾಷಾನ ಕೈ ನಿಂತಿತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಅವನಿಗೆ ರೂಢಿಯಾಗಿಬಿಟ್ಟಿತ್ತು. ತಲೆ ಎತ್ತಿ, ಮೂಗರಳಿಸಿ, ಜೋರಾಗಿ ಉಸಿರೆಳೆದುಕೊಂಡ. ಎಂದಿನಂತೆ ತಣ್ಣನೆಯ ಗಾಳಿ ಒಳಗೆ ಹೋಯಿತು, ಹೊರಗೆ ಬಂತು.

“ಇಲ್ಲಮ್ಮ. ಏನೂ ವಾಸ್ನೆ ಇಲ್ಲ” ಎಂದ.

“ಧೂಪ ಕಣಮ್ಮ ಅದು” ಎಂದು ಎಂಜಿನ್ ಪಕ್ಕದಿಂದ ಬಾಲರಾಜು ಕೂಗಿದ. “ಪಾಷಾ ಭಾಯ್ ಮೂಗಿಗೆ ಬರದೇ ಇರೋದು ನಿನ್ ಮೂಗಿಗೆ ಬಂತಾ? ಸುಮ್ನೆ ಕೂತ್ಕೋ.”

ಕೃಷ್ಣಮ್ಮ ಸೆರಗನ್ನು ಮೂಗಿಗೆ ಹಿಡಿದುಕೊಂಡು ಸುಮ್ಮನೆ ಕೂತಳು. ವಯಸ್ಸಾದವರ ಬಾಯಿ ಮುಚ್ಚಿಸುವುದು ಎಷ್ಟು ಸುಲಭ ಎಂದು ಪಾಷಾನಿಗೆ ಆ ಹೊತ್ತಿನಲ್ಲಿ ನಾಚಿಕೆಯಾಯಿತೋ ಇಲ್ಲವೋ, ನೆಮ್ಮದಿಯಂತೂ ಆಯಿತು. ನೊರೆ ಹಚ್ಚಿ ನೋಡಿದ್ದೇನೆ, ಗುಳ್ಳೆ ಬಂದಿಲ್ಲ, ಇನ್ನೇನು ಎಂದು ತನಗೆ ತಾನೇ ಹೇಳಿಕೊಂಡು ಸ್ಕೂಟರಿಗೆ ಕಿಕ್ ಹೊಡೆದ.

ಹಾಲಿನ ಬೂತಿನ ತನಕ ಹೋದ. ಅಲ್ಲಿ ಅವನೊಳಗಿನ ಹುಳು ತಿವಿಯತೊಡಗಿತು. ಮುದುಕಿ ಕೂತಿದ್ದದ್ದು ಗಿಡ್ಡ ಮಣೆಯ ಮೇಲೆ. ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುವಂಥದು. ನಿಂತವರ ಮೂಗಿಗೆ ಧೂಪ ಬಂದರೆ ಕೂತವರ ಮೂಗಿಗೆ ಗ್ಯಾಸೇ ಮೊದಲು. ನೊರೆ ಹಚ್ಚಿದ್ದಾಗ ಪೈಪು ಬಾಯಲ್ಲಿ ಕೂತಿತ್ತು. ಪೈಪು ಕಿತ್ತ ಮೇಲೆ ಬರೀ ಬಾಯಿಗೆ ಹಚ್ಚಿ ನೋಡಲಿಲ್ಲವಲ್ಲ. ಮೊದಲಾದರೆ ಅದಕ್ಕೆ ನೊರೆ ಬೇಕಿರಲಿಲ್ಲ, ಮೂಗೇ ಹೇಳುತ್ತಿತ್ತು. ಯೋಚನೆ ಮುಗಿಯುವ ಮುಂಚೆಯೇ ಸ್ಕೂಟರು ತಿರುಗಿತ್ತು.

ಅಂಗಳಕ್ಕೆ ಬರುವಷ್ಟರಲ್ಲಿ ಎಲ್ಲರೂ ಗಾಡಿಯ ಸುತ್ತ ನೆರೆದಿದ್ದರು. ದೃಷ್ಟಿ ತೆಗೆಯುವ ಸಿದ್ಧತೆ. ಬಾಲರಾಜುವಿನ ಕೈಯಲ್ಲಿ ದೊಡ್ಡ ಬೂದುಗುಂಬಳಕಾಯಿ, ಅದರ ನೆತ್ತಿಯ ಮೇಲೆ ಕರ್ಪೂರದ ಗುಡ್ಡೆ. ಹೆಂಡತಿ ರಾಧಾಮಣಿ ಬೆಂಕಿಕಡ್ಡಿ ತೆಗೆಯುತ್ತಿದ್ದಳು. ಉರಿಯುವ ಕುಂಬಳಕಾಯಿಯನ್ನು ಗಾಡಿಗೆ ಸುತ್ತು ಹಾಕಿ, ಎಡಮಗ್ಗುಲಲ್ಲಿ ಕೆಳಗೆ ಇಳಿಸಿ ನಿವಾಳಿಸಿ, ಆಮೇಲೆ ಎದುರಿಗೆ ಒಡೆಯಬೇಕು. ಹಿಂದಿನ ಚಕ್ರದ ಹತ್ತಿರ ಕೃಷ್ಣಮ್ಮ, ಅವಳ ತೊಡೆಯ ಮೇಲೆ ಚಿಕ್ಕ ಮೊಮ್ಮಗ.

“ಕಡ್ಡಿ ಗೀರ್ಬೇಡಿ ಅಮ್ಮ” ಎಂದು ಪಾಷಾ ಅರಚಿದ. ಸ್ಕೂಟರು ಸ್ಟ್ಯಾಂಡಿಲ್ಲದೆ ಪಕ್ಕಕ್ಕೆ ಉರುಳಿತು. ಅವನು ಓಡಿಬಂದು ರಾಧಾಮಣಿಯ ಕೈಯಿಂದ ಬೆಂಕಿಪೊಟ್ಟಣವನ್ನು ಕಿತ್ತುಕೊಂಡೇಬಿಟ್ಟ. ಪರಹೆಣ್ಣಿನ ಕೈಗೆ ಕೈ ಹಾಕಿದ್ದು ಅವನ ಜನ್ಮದಲ್ಲಿ ಅದೇ ಮೊದಲು.

“ಎಂಜಿನ್ ಆಫ್ ಮಾಡಿ. ಧೂಪ ಆಚೆ ಎಸೀರಿ. ಮಕ್ಕಳನ್ನೆಲ್ಲ ಗೇಟಿನಾಚೆ ಕರ್ಕೊಂಡ್ ಹೋಗಿ.”

ಸೋಪು ಪಾಷಾ ವಾಪಸ್ಸು ಬಂದ ಎಂದು ನಗಲು ಹೊರಟಿದ್ದ ಬಾಲರಾಜು ಅವನ ಮುಖ ನೋಡಿ ನಗು ನುಂಗಿಕೊಂಡು ಹೇಳಿದಂತೆ ಮಾಡಿದ. ಪಾಷಾ ಪುಟ್ಟ ಬಾಗಿಲು ತೆಗೆದು ಹಿತ್ತಾಳೆಯ ಬಾಯಿಗೆ ನೊರೆ ಹಚ್ಚಿದ. ನೊರೆ ಉಬ್ಬಿತು. ನಿಂಬೆಕಾಯಿ ಗಾತ್ರದ ಗುಳ್ಳೆ ಎದ್ದು, ಒಡೆದು, ಅದರ ಹಿಂದೆಯೇ ಇನ್ನೊಂದು ಎದ್ದಿತು. ಎಲ್ಲರೂ ಕಣ್ಣಾರೆ ಕಂಡರು. ಪಾಷಾ ಓಡಿ ಸಿಲಿಂಡರು ಮುಚ್ಚಿದ.

ಹಿತ್ತಾಳೆಯ ಬಾಯಿಯನ್ನು ಕಳಚಿ ಅಂಗೈ ಮೇಲೆ ತಟ್ಟಿದಾಗ ಉದುರಿದ್ದು ಕೆಂಪು ಹಳದಿ ಹುಡಿ. ನೀರಿನಲ್ಲಿ ಕಲಸಿದ ಅರಿಶಿನ ಕುಂಕುಮ ಒಣಗಿ ಗಟ್ಟಿಯಾಗಿತ್ತು. ಹಿಂದಿನ ಸಂಜೆಯ ಪೂಜೆಯಲ್ಲಿ ಕೃಷ್ಣಮ್ಮ ಸ್ಟೇರಿಂಗಿಗೆ, ದೀಪಗಳಿಗೆ, ಡೀಸೆಲ್ ಮುಚ್ಚಳಕ್ಕೆ ಬೊಟ್ಟು ಇಟ್ಟಂತೆ ಈ ಪುಟ್ಟ ಬಾಗಿಲು ತೆಗೆದು ಇದಕ್ಕೂ ಇಟ್ಟಿದ್ದಳು. ಬೆಂಕಿಯ ಬಾಯಿ ಎಂದು ಧಾರಾಳವಾಗಿಯೇ ಇಟ್ಟಿದ್ದಳು. ಪೈಪು ಒತ್ತಿದಾಗ ಅದು ಒಳಗೆ ಹೋಗಿ ಸ್ಪ್ರಿಂಗಿನ ಸಂದಿಗೆ ಸಿಕ್ಕಿಕೊಂಡಿತ್ತು. ಪೈಪು ಕಿತ್ತ ಮೇಲೆ ಬಾಯಿ ಮುಚ್ಚಿಕೊಂಡಿರಲಿಲ್ಲ.

ಬಾಲರಾಜುವಿನ ಹೆದರಿಕೆ ಕೋಪವಾಗಿ ತಾಯಿಯ ಮೇಲೆ ತಿರುಗಿತು.

“ಏನಮ್ಮ ನಿನ್ ಕಥೆ? ಸಿಕ್ಕಸಿಕ್ಕಿದ್ ತೂತಿಗೆಲ್ಲ ಕುಂಕುಮ ತುರುಕ್ತೀಯಲ್ಲ. ಮನೆಮಂದಿಯೆಲ್ಲ ಬೂದಿಯಾಗ್ತಿದ್ವಿ ಇವತ್ತು. ಪಾಷಾ ಭಾಯ್ ದೇವ್ರು ಬಂದಂಗೆ ಬಂದ್ರು, ಇಲ್ದಿದ್ರೆ...”

“ನಾ ಯೋಳ್ದೆ ಕಣೋ, ವಾಸ್ನೆ ಬತ್ತಾ ಐತೆ ಅಂತ” ಎಂದಳು ಕೃಷ್ಣಮ್ಮ. ದನಿ ಅವಳಿಗೇ ಕೇಳಿಸುವಷ್ಟಿತ್ತು.

“ಏನ್ ಹೇಳ್ದೆ? ಮಾಡೋದೆಲ್ಲ ಮಾಡ್ಬಿಟ್ಟು...”

ಪಾಷಾ ಹಿತ್ತಾಳೆಯ ತುಂಡನ್ನು ಹಿಡಿದು ನಿಂತಿದ್ದ. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ತಾನಾಗಿ ದಾಟಿಹೋಗುತ್ತಿತ್ತು. ತಪ್ಪು ಕುಂಕುಮದ್ದು, ಕೀರ್ತಿ ಇವನದು. ಮುದುಕಿ ಬೈಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ನೋಡಲು ಅವನಿಂದಾಗಲಿಲ್ಲ.

“ಅಮ್ಮನ್ನ ಬೈಬೇಡಿ ಬಾಲಣ್ಣ. ಅವರು ಸರಿಯಾಗೇ ಹೇಳಿದ್ರು. ನನಗೆ ವಾಸ್ನೆ ತಿಳಿಯಲ್ಲ.”

“ಏನಂದ್ರಿ?”

“ಮೂಗು ಸತ್ತಿದೆ. ಕೊರೊನಾ ಬಂದಾಗಿಂದ. ಈರುಳ್ಳಿ, ಗ್ಯಾಸು, ಏನೂ ತಿಳಿಯಲ್ಲ. ಅದಕ್ಕೇ ಈ ಸೋಪು. ಅದಕ್ಕೇ ವಾಪಸ್ ವಾಪಸ್ ಬರೋದು.”

 ಬಾಲರಾಜು ಕುಂಬಳಕಾಯಿಯನ್ನು ನೆಲಕ್ಕಿಟ್ಟ. ಕೃಷ್ಣಮ್ಮ ಗೇಟಿನಾಚೆಯಿಂದ ಓಡಿಬಂದ ಮೊಮ್ಮಗನನ್ನು ಎದೆಗೊತ್ತಿಕೊಂಡು ಪಾಷಾನನ್ನೇ ನೋಡಿದಳು. ಬೈಗುಳ ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

“ನಂಗ್ ಗೊತ್ತಾಗಲ್ಲ ಅಂತ ನೀನು ಅಂದಿದ್ರೆ ಆಗ್ತಿತ್ತಲ್ಲಪ್ಪ” ಎಂದಳು. “ವಾಸ್ನೇನೇ ಇಲ್ಲ ಅಂದ್ಬಿಟ್ಯಲ್ಲ.”

 ಪಾಷಾ ಹಿತ್ತಾಳೆಯ ಬಾಯಿ ಕಳಚಿದ ಕಡೆ ಗಾಡಿಯ ಪೈಪಿನ ತುದಿಗೆ ಭದ್ರವಾಗಿ ಮುಚ್ಚಳ ಬಿಗಿದ. ಸಿಲಿಂಡರು ತೆರೆದು, ನೊರೆ ಹಚ್ಚಿ ಬಾಲರಾಜುವಿಗೇ ತೋರಿಸಿದ. ಕೃಷ್ಣಮ್ಮನನ್ನೂ ಹತ್ತಿರ ಕರೆದು ಮೂಸಿ ನೋಡಲು ಹೇಳಿದ. ಅವಳು ಗಾಡಿಯ ಒಳಗೆ ಹೊರಗೆ ಕುಂಟುತ್ತ ಓಡಾಡಿ, ಹಾಸಿಗೆಯ ಅಡಿಗೂ ಮುಖ ಹಾಕಿ, ಇಲ್ಲ ಎಂದು ತಲೆಯಾಡಿಸಿದಳು. ಬಾರ್ಬೆಕ್ಯೂವನ್ನು ಮನೆಯಲ್ಲೇ ಬಿಟ್ಟು, ಕಲ್ಲಿನ ಒಲೆಗೆಂದು ಸೌದೆಯ ಮೂಟೆ ಹೇರಿದರು. ಬಾಲರಾಜು ಪಾಷಾನ ಹೆಗಲ ಮೇಲೆ ಕೈಯಿಟ್ಟು ಗೇಟಿನ ತನಕ ಬಂದ.

“ತಪ್ ತಿಳ್ಕೋಬೇಡಿ ಭಾಯ್. ಇನ್ಮೇಲೆ ಗ್ಯಾಸ್ ಕೆಲ್ಸಕ್ಕೆ ಬೇರೆಯವರನ್ನ ನೋಡ್ಕೋತೀನಿ. ಶೆಡ್ಡಿನವರಿಗೂ ಒಂದ್ ಮಾತು ಹೇಳ್ಬೇಕಾಗತ್ತೆ.”

“ನಾನೇ ಹೇಳ್ತೀನಿ” ಎಂದ ಪಾಷಾ.

ಹೇಳಿದ. ರಸ್ತೆ ಬದಿಗೆ ನಿಂತು ನಾಗಸಂದ್ರಕ್ಕೆ ಫೋನು ಮಾಡಿ ಹೇಳಿಯೇ ಮುಂದೆ ಹೊರಟ. ಎದೆಯ ಮೇಲಿನ ಕಲ್ಲು ಇಳಿದಂತೆ ಆಗಬೇಕಿತ್ತು. ಆಗಲಿಲ್ಲ, ಏಕೆಂದರೆ ಹೇಳಬೇಕಾದವರು ಇನ್ನೊಬ್ಬರು ಉಳಿದಿದ್ದರು.

ಮಧ್ಯಾಹ್ನ ಕುಬ್ರಾ ಎಂದಿನಂತೆ ಮಗುವನ್ನು ಒಪ್ಪಿಸಿ, ನಾಬು ಮುಚ್ಚಿ ಅಂಗಡಿಗೆ ಹೋದಳು. ಅವಳಿಗೂ ಅವನು ಏನನ್ನೂ ಹೇಳಲಿಲ್ಲ, ಹೇಳಿದ್ದರೆ ತಡೆಯುತ್ತಿದ್ದಳು. ಅಫ್ಶೀನ್ ಅವನ ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ, ಅದಕ್ಕೆ ಅನ್ನ, ಇದಕ್ಕೆ ಸಾರು ಎಂದು ಬಡಿಸಿ, ಆಡಿ ಆಡಿ ಸುಸ್ತಾಗಿ ಅವನ ತೊಡೆಯ ಮೇಲೆ ನಿದ್ದೆ ಹೋದಳು. ಫಾಯಿಜಾ ಶಾಲೆಯಿಂದ ಬಂದು ಬ್ಯಾಗು ಇಳಿಸುತ್ತಿದ್ದಂತೆ, ಅವಳು ನೀರು ಕುಡಿಯುವಷ್ಟೂ ಕಾಯದೆ, ಎಲ್ಲವನ್ನೂ ಹೇಳಿಬಿಟ್ಟ.

ಫಾಯಿಜಾ ನಿಂತೇ ಇದ್ದಳು.

“ಜ್ವರ ಬಂದಾಗಿಂದ ಅಂದ್ರೆ, ಇವಳು ಹುಟ್ಟೋಕೂ ಮುಂಚೆಯಿಂದ” ಎಂದಳು.

“ಹೂಂ.”

“ಅಮ್ಮೀಗೆ ಗೊತ್ತಿತ್ತಾ?”

“ಗೊತ್ತು. ದಿನಾ ನಾಬ್ ಮುಚ್ಚೇ ಹೋಗ್ತಾಳೆ ಮಗಳೇ. ನಾನು ಒಲೆ ಮುಟ್ಟೋದೇ ಇಲ್ಲ. ಕಿಟಕಿ ಎಲ್ಲಾ ತೆಗ್ದಿರ್ತೀನಿ.”

ಅವಳು ಅಡುಗೆಮನೆಗೆ ಹೋದಳು. ನಾಬು ನೋಡುತ್ತಿದ್ದಾಳೆಂದು ಅವನಿಗೆ ಕೂತಲ್ಲಿಂದಲೇ ತಿಳಿಯಿತು. ವಾಪಸ್ಸು ಬಂದಾಗ ಅವಳ ಮುಖದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ವಾದ ಮಾಡಬಹುದಿತ್ತು.

“ಪಕ್ಕದ ಮನೇಲಿ ಗ್ಯಾಸ್ ಸೋರಿದ್ರೆ, ಅಬ್ಬಾ? ವೈರ್ ಸುಟ್ರೆ? ನೀವೂ ಮಲ್ಗಿದ್ದು, ಇವಳೂ ಮಲ್ಗಿದ್ರೆ?”

ಅವನು ಇದನ್ನೆಲ್ಲ ಅವಳಿಗಿಂತ ಹೆಚ್ಚು ಸಲ ಯೋಚಿಸಿದ್ದ. ಆ ಮಧ್ಯಾಹ್ನಗಳಲ್ಲಿ ಒಂದು ದಿನವೂ ಕಣ್ಣು ಮುಚ್ಚಿರಲಿಲ್ಲ. 

“ನಾಳೆಯಿಂದ ಇವಳನ್ನ ಅಮ್ಮಿ ಅಂಗಡಿಗೆ ಕರ್ಕೊಂಡ್ ಹೋಗ್ಲಿ” ಎಂದಳು ಫಾಯಿಜಾ.

“ಸರಿ” ಎಂದ ಪಾಷಾ.

ಅವಳು ಮಗುವಿಗೆ ಕೈ ಚಾಚಿದಳು. ಅವನು ನಿದ್ದೆಯಲ್ಲಿದ್ದ ಅಫ್ಶೀನಳನ್ನು ಎತ್ತಿ, ಅವಳ ಬೆವರಿದ ನೆತ್ತಿಗೆ ಮೂಗನ್ನು ಒತ್ತಿ ಉದ್ದಕ್ಕೆ ಉಸಿರೆಳೆದುಕೊಂಡ. ಆಮೇಲೆ ಮಗಳ ಕೈಗೆ ಕೊಟ್ಟ.